ಎಲ್ಲಿಗೆ ಎಂದು ಕೇಳುವ ಕಾರು

ಪ್ರಾಗ್ ನಗರಕ್ಕೆ ಹೋಗಿಬಂದವರೆಲ್ಲ ಅಲ್ಲಿಯ ಕೋಟೆ, ಸೇತುವೆ, ಗಡಿಯಾರಗಳ ಸುದ್ದಿಯಿಂದ ಶುರುಮಾಡುತ್ತಾರೆ. ನಾನು ಒಂದು ಟಾವೆಲ್ಲಿನಿಂದ ಶುರುಮಾಡಬೇಕಾಗಿದೆ. ನವಲಗುಂದದ ಸಂತೆಯಲ್ಲಿ ಕೊಂಡ, ಕೆಂಪು ಅಂಚಿನ, ಎಷ್ಟು ಒಗೆದರೂ ಬಣ್ಣ ಬಿಡುವುದನ್ನು ಬಿಡದ ಟಾವೆಲ್ಲು ಅದು. ಅದನ್ನು ಬಾಡಿಗೆ ಕಾರಿನ ಮುಖಕ್ಕೆ ಹೊದಿಸಿ, ಅದರ ಕಣ್ಣು ಬಾಯಿ ಎರಡನ್ನೂ ಮುಚ್ಚಿ, ಚಾಂದಬಿ ಚಾಚಿಯೂ ನಾನೂ ಯುರೋಪಿನ ಆ ಹಳೆಯ ರಾಜಧಾನಿಯನ್ನು ಹೊಕ್ಕೆವು. ಹೀಗೆ ಹೊಕ್ಕವರು ನಮಗಿಂತ ಮೊದಲು ಯಾರೂ ಇರಲಿಕ್ಕಿಲ್ಲ. ಇದ್ದರೆ ಅವರೂ ನಮ್ಮ ತಾಲೂಕಿನವರೇ ಇರಬೇಕು.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಆಮೇಲೆ ಮೋಸವಾಯಿತು ಅನ್ನಬೇಡಿ. ನಾನು ಮಂದಿಯ ದನಿ ಕದಿಯುವವನು. ಮದುವೆ, ಗ್ಯಾದರಿಂಗು, ಗಣೇಶನ ಪೆಂಡಾಲು ಎಲ್ಲ ಕಡೆ ನನ್ನ ಮಿಮಿಕ್ರಿ ಇರುತ್ತದೆ. ನಮ್ಮ ಹೆಡ್‌ಮಾಸ್ತರರು ಸಿಟ್ಟಿಗೇಳುವುದು, ನಮ್ಮಪ್ಪ ಬದನೆಕಾಯಿ ಚೌಕಾಸಿ ಮಾಡುವುದು, ನಮ್ಮವ್ವ ಚೌಕಾಸಿ ಮಾಡಿದ ನಮ್ಮಪ್ಪನನ್ನು ಬೈಯುವುದು, ಇವೆಲ್ಲ ನನ್ನ ಸರಕು. ಹೆಣ್ಣು ನೋಡಲು ಹೋದಾಗ ಬೀಗರಾಗಬೇಕಿದ್ದವರ ದನಿಯಲ್ಲಿಯೇ ಅವರಿಗೆ ಉತ್ತರ ಕೊಟ್ಟು ಉಪ್ಪಿಟ್ಟಿನ ತಟ್ಟೆಯೊಂದಿಗೆ ಸಂಬಂಧವನ್ನೂ ಅಲ್ಲಿಯೇ ಬಿಟ್ಟುಬಂದವನು ನಾನು. ಜನ ನನ್ನನ್ನು ನಗುತ್ತ ಕರೆಯುತ್ತಾರೆ, ಆದರೆ ನನ್ನೆದುರು ಬಾಯಿ ಬಿಚ್ಚಲು ಅಂಜುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ನನಗೂ ಅಂಜಿಕೆಯಾಗುತ್ತದೆ. ಒಬ್ಬನೇ ಇದ್ದಾಗ ಸುಮ್ಮನೆ ಕೆಮ್ಮಿದರೂ, ಇದು ಯಾರ ಕೆಮ್ಮು ಎಂದು ಹಿಂತಿರುಗಿ ನೋಡುತ್ತೇನೆ.

ನಮ್ಮ ಓಣಿಯ ದಾವಲಸಾಬ ಚಾಚಾ ನನ್ನ ಅಂಗಡಿಯ ಅತಿ ಒಳ್ಳೆಯ ಮಾಲು. ಹುಬ್ಬಳ್ಳಿ ಬಸ್ಸಿನ ಡ್ರೈವರ. ಅವರ ದನಿ ಬೆಳಗಿನ ಥಂಡಿಯಲ್ಲಿ ಹತ್ತಲೊಲ್ಲದ ಡೀಸೆಲ್ ಇಂಜಿನ್ನಿನಂಥದು. ಮೊದಲು ಗಂಟಲೊಳಗೆ ಎರಡು ಸಲ ಗರಗರ, ಆಮೇಲೆ ಮಾತು. ಎಲ್ಲಿಗೆ ಹೋಗಿ ಬಂದರೂ, ಎಲ್ಲಿಗೆ ಹೊರಟಿದ್ದರೂ ಅವರದು ಒಂದೇ ಉತ್ತರ: "ಇಲ್ಲೇ ಬಾಜೂಕ." ಯಮನೂರಿಗೆ ಹೊರಟರೂ ಇಲ್ಲೇ ಬಾಜೂಕ, ಕಲಘಟಗಿಯಾಚೆ ದೇವಿಕೊಪ್ಪಕ್ಕೆ ಹೋಗಿ ಚಾಚಿಯ ಮಗ್ಗಕ್ಕೆಂದು ಸಾಗವಾನಿ ದಿಂಡು ತಂದಾಗಲೂ ಇಲ್ಲೇ ಬಾಜೂಕ. ಯಾತ್ರೆಯ ಬಸ್ಸು ಹೊಡೆದುಕೊಂಡು ತಿರುಪತಿಗೆ ಹೋಗಿ, ಹಲವು ದಿನ ಕಳೆದು, ಕಣ್ಣು ಕೆಂಪಾಗಿ ಬಂದವರು ಅಂದೂ ಹೇಳಿದ್ದು ಅದನ್ನೇ. ನಾನು ಅವರನ್ನು ಅಣಕಿಸಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರು. "ಲೇ ಮಂಗ್ಯಾ, ನಾನು ನಾನಾಗೂದಕ್ಕಿಂತ ನೀನ ಛಲೋ ನಾನಾಗ್ತೀಯಲ್ಲೋ!" ಎಂದು ಬೆನ್ನಿಗೆ ಗುದ್ದುತ್ತಿದ್ದರು. ಸ್ಟೇರಿಂಗ್ ತಿರುವಿದ ಕೈ. ಆ ಗುದ್ದು ಇವತ್ತಿಗೂ ನೆನಪಿದೆ.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಕೇಳಲೇಬೇಕಾದರೆ "ದೂರ ಹೊಂಟೀರೇನ್ರಿ?" ಅನ್ನಬೇಕು. ಯಾರಾದರೂ ಬಾಯಿ ತಪ್ಪಿ 'ಎಲ್ಲಿಗೆ' ಅಂದುಬಿಟ್ಟರೆ ಹೊರಟವರು ಮರಳಿ ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಯಾಕೆ ಎಂದು ಯಾರೂ ಬಿಡಿಸಿ ಹೇಳಿದ್ದಿಲ್ಲ. ನನ್ನ ತರ್ಕ ಇಷ್ಟು: ಹೊಸ್ತಿಲ ಹತ್ತಿರ ನಮಗೆ ಕಾಣದವರೂ ಯಾರೋ ನಿಂತಿರುತ್ತಾರೆ, ಅವರಿಗೆ ವಿಳಾಸ ತಿಳಿಯಬಾರದು. ಇದರ ತಂಗಿಯಂಥ ಇನ್ನೊಂದು ನಿಯಮವೂ ಇದೆ. ಕತ್ತಲಲ್ಲಿ ಯಾರೋ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೊಡಬಾರದು. ಮೂರನೆಯ ಸಲ ಕೂಗಿದರೆ ಅದು ಮನುಷ್ಯ. ದೆವ್ವಗಳಿಗೆ ಮೂರು ಸಲ ಕೂಗುವಷ್ಟು ತ್ರಾಣ ಇರುವುದಿಲ್ಲವಂತೆ. ನಮ್ಮ ಓಣಿಯಲ್ಲಿ ಈ ವಿಷಯಕ್ಕೆ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ. ಚಾಂದಬಿ ಚಾಚಿ ಬಿಸ್ಮಿಲ್ಲಾ ಅಂದು ಹೊರಡುತ್ತಾಳೆ, ಯಾರಾದರೂ ಎಲ್ಲಿಗೆ ಅಂದರೆ ನೀರನ್ನೂ ಕುಡಿಯುತ್ತಾಳೆ.

ಇಂಥ ಚಾಚಿಯೇ ಒಂದು ದಿನ ತಪ್ಪಿದಳು. ಹೋದ ವರ್ಷ ಒಂದು ಮುಂಜಾನೆ ಬಾಗಿಲಿಗೆ ಬೆನ್ನು ಮಾಡಿ ಮಗ್ಗದ ಮುಂದೆ ಕೂತಿದ್ದಳಂತೆ. ಜಮಖಾನದ ನವಿಲಿನ ಕುತ್ತಿಗೆ ತಿರುವುವ ನಾಜೂಕಿನ ಜಾಗ, ಹಲ್ಲಿನಲ್ಲಿ ನೂಲಿನ ತುದಿ. ಹಿಂದೆ ಚಪ್ಪಲಿಯ ಸಪ್ಪಳ ಕೇಳಿತು. ತಿರುಗದೆಯೇ, ಧ್ಯಾನವೆಲ್ಲ ನವಿಲಿನ ಮೇಲಿಟ್ಟು, "ಎಲ್ಲಿಗೆ ಹೊಂಟ್ರಿ?" ಎಂದುಬಿಟ್ಟಳು. 'ಇಲ್ಲೇ ಬಾಜೂಕ' ಬರಲಿಲ್ಲ. ಚಾಚಾ ಹಾಲಿನ ಅಂಗಡಿಯ ಮುಂದೆ ಕುಸಿದು ಬಿದ್ದರೆಂಬ ಸುದ್ದಿ ಬಂತು. ಡಾಕ್ಟರು ಹೃದಯ ನಿಂತುಹೋಯಿತು ಎಂದರು. ಚಾಚಿ ಅದನ್ನು ನಂಬಲಿಲ್ಲ. "ಕೇಳಿದಾಕಿ ನಾನು. ಉತ್ತರಾನೂ ಬರಲಿಲ್ಲ, ಮನಷ್ಯಾನೂ ಬರಲಿಲ್ಲ," ಅನ್ನುತ್ತಾಳೆ. ಅಷ್ಟೇ.

ಅದಾದ ಕೆಲವು ವಾರಕ್ಕೆ ಚಹಾದಂಗಡಿಯಲ್ಲಿ ಗೆಳೆಯರು ಒತ್ತಾಯ ಮಾಡಿದರೆಂದು ನಾನು ಚಾಚಾನ ದನಿ ತೆಗೆದೆ. ಎರಡು ಗರಗರ, ಆಮೇಲೆ "ಇಲ್ಲೇ ಬಾಜೂಕ". ಯಾರೂ ನಗಲಿಲ್ಲ. ಬೆಂಚಿನ ಕೆಳಗೆ ಮಲಗಿದ್ದ, ಚಾಚಾನ ಹಿಂದೆ ದಿನಾ ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತಿದ್ದ ಕಂದು ನಾಯಿಯೊಂದು ಎದ್ದು ಬಂತು. ಬಾಲ ಅಲ್ಲಾಡಿಸಿತು. ನನ್ನ ಪಾದ ಮೂಸಿತು. ಆಮೇಲೆ ನನ್ನ ಮುಖ ನೋಡದೆ, ನನ್ನ ಬೆನ್ನ ಹಿಂದಕ್ಕೆ ಬಾಗಿ ನೋಡಿತು. ಆವತ್ತಿನಿಂದ ಆ ದನಿಗೆ ಬೀಗ ಹಾಕಿದೆ.

ಚಾಚಿಯ ಬೇಡಿಕೆ ಬಂದದ್ದು ಸರಿಯಾಗಿ ಆ ಬೀಗದ ಮೇಲೆ. "ಮುಖಾ ನೆನಪೈತ್ಲೇ ಬಸ್ಯಾ. ದನಿ ಹೋಗಾಕತ್ತೈತಿ. ಮುಂಜಾನೆ ಎದ್ದ ಕೂಡ್ಲೆ ಹುಡುಕತೀನಿ, ಸಿಗೂದಿಲ್ಲ. ಒಂದs ಸಲಾ ಮಾಡು." ಚಾಚಾ ಮೊಬೈಲು ಕಂಡರೆ ಮಾರು ದೂರ ಹೋಗುವವರು, ಅವರ ದನಿ ಎಲ್ಲಿಯೂ ಹಿಡಿದಿಟ್ಟಿರಲಿಲ್ಲ. ಇದ್ದದ್ದು ನನ್ನ ಗಂಟಲಲ್ಲಿ ಮಾತ್ರ. ನಾನು ಒಲ್ಲೆ ಎಂದೆ. ನಾಯಿಯ ಕಥೆ ಹೇಳಲಾರದೆ ನೆಗಡಿ ಎಂದೆ. ನನ್ನ ಆ ನೆಗಡಿ ವರ್ಷವಿಡೀ ನಡೆಯಿತು.

ಹೀಗಿರುವಾಗ ಪ್ರಾಗ್‌ನ ಒಂದು ವಸ್ತುಸಂಗ್ರಹಾಲಯದವರು ಚಾಚಿಯನ್ನು ಕರೆಸಿದರು. ಕೈಮಗ್ಗದ ಪ್ರದರ್ಶನದಲ್ಲಿ ಕೂತು ಜಮಖಾನ ನೇಯ್ದು ತೋರಿಸಬೇಕು. ಇಂಗ್ಲಿಷಿಗೂ ಡ್ರೈವಿಂಗಿಗೂ ನಾನು. ಚಾಚಿಗೆ ಬೇರೆಯವರ ಮಗ್ಗದಲ್ಲಿ ಕೈ ಓಡುವುದಿಲ್ಲ, ಆದ್ದರಿಂದ ನೂಲು ಸುತ್ತುವ, ದೇವಿಕೊಪ್ಪದ ಆ ಸಾಗವಾನಿ ದಿಂಡೂ ವಿಮಾನ ಹತ್ತಿತು; ಉಳಿದ ಚೌಕಟ್ಟು ಅಲ್ಲಿಯವರೇ ಕಟ್ಟಿಕೊಡುವುದು. ವಿಯೆನ್ನಾದಲ್ಲಿ ಇಳಿದಾಗ ಅದನ್ನು ಪ್ರಾಗ್‌ಗೆ ಹೋಗುವ ರೈಲಿನವರು ಒಲ್ಲೆ ಎಂದರು, ನಾವು ಬಾಡಿಗೆ ಕಾರು ಹಿಡಿದೆವು. ದಿಂಡು ಆಳೆತ್ತರದ್ದು, ಬಿಳಿ ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದಿದ್ದೆವು. ಡಿಕ್ಕಿಯಿಂದ ಒಳಗೆ ತೂರಿಸಿ, ಹಿಂದಿನ ಸೀಟಿನ ಅರ್ಧ ಮಡಚಿ, ಅದರ ತಲೆಯನ್ನು ನನ್ನ ಪಕ್ಕದ ಮುಂದಿನ ಸೀಟಿನ ಮೇಲೆ ಆನಿಸಿದೆವು. ಬೀಗದ ಕೈ ಕೊಟ್ಟ ಹುಡುಗ ಕಿಟಕಿಯಲ್ಲಿ ಇಣುಕಿ, ಆ ಬಿಳಿಯ ಉದ್ದನೆಯ ಆಕಾರವನ್ನು ನೋಡಿ, ನನ್ನನ್ನು ನೋಡಿ, ಏನೂ ಕೇಳದೆ ಹೊರಟುಹೋದ. ಚಾಚಿ ನನ್ನ ಸೀಟಿನ ಹಿಂದೆ ಉಳಿದ ಸಂದಿಯಲ್ಲಿ ಕೂತಳು. ಅದು ಅವಳ ಹಳೆಯ ಜಾಗ. ಚಾಚಾನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗಲೂ ಅವಳು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿಯೇ ಕೂಡುತ್ತಿದ್ದಳು. ಗಂಡನ ಮುಖಕ್ಕಿಂತ ಅವನ ಗೋಣನ್ನೇ ಹೆಚ್ಚು ನೋಡಿದ ಹೆಂಗಸು.

ಕಾರು ಶುರುವಾಯಿತು. ಮುಂದಿನ ಪರದೆ ಬೆಳಗಿತು. ಒಳಗಿಂದ ಒಂದು ಹೆಣ್ಣುದನಿ, ಬೆಣ್ಣೆ ಸವರಿದಂಥ ದನಿ, ಇಂಗ್ಲಿಷಿನಲ್ಲಿ ಏನೋ ಅಂದಿತು.

"ಏನಂತಾಳಾಕಿ?" ಎಂದಳು ಚಾಚಿ.

ಬುದ್ಧಿಯಿದ್ದವನು ನಮಸ್ಕಾರ ಅಂದಳು ಎಂದು ಹೇಳುತ್ತಿದ್ದ. "ಎಲ್ಲಿಗೆ ಹೊಂಟೀರಿ ಅಂತ ಕೇಳಾಕತ್ತಾಳ, ಚಾಚಿ," ಎಂದೆ ನಾನು.

"ಇಳಿ," ಎಂದಳು ಚಾಚಿ.

ಇಳಿದೆವು. ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಬಾಟಲಿಯ ನೀರು ಕುಡಿದೆವು. ಹತ್ತಿದೆವು. ಚಾಚಿ ಬಿಸ್ಮಿಲ್ಲಾ ಅಂದಳು. ಬೀಗದ ಕೈ ತಿರುವಿದೆ. "ಎಲ್ಲಿಗೆ?" ಎಂದಿತು ಅದು. ಇಳಿದೆವು, ಕೂತೆವು, ಕುಡಿದೆವು, ಹತ್ತಿದೆವು. "ಎಲ್ಲಿಗೆ?" ಆ ದನಿಯಲ್ಲಿ ಬೇಸರವೂ ಇರಲಿಲ್ಲ, ಅವಸರವೂ ಇರಲಿಲ್ಲ. ಎಷ್ಟು ಸಲ ಬೇಕಾದರೂ ಕೇಳಬಲ್ಲ ದನಿ. ನನಗೆ ಬೆನ್ನಲ್ಲಿ ಸಣ್ಣಗೆ ಚಳಿ ಏರಿದ್ದು ಆಗಲೇ. ಮೂರು ಸಲಕ್ಕೆ ಸುಸ್ತಾಗುವ ದೆವ್ವಗಳನ್ನು ಮಾತ್ರ ಕಂಡವರು ನಾವು.

ಪುರಾಣ ಕೇಳಿದವರಿಗೆ ನೆನಪಿರಬಹುದು: ಒಬ್ಬ ಅರಸ ಹೊಸದಾಗಿ ಮದುವೆಯಾದ ತಂಗಿಯನ್ನು ಕೂಡಿಸಿಕೊಂಡು ತಾನೇ ರಥ ಹೊಡೆಯುತ್ತಿದ್ದಾಗ ಅಶರೀರವಾಣಿ ಮಾತಾಡಿತಂತೆ. ಗಾಡಿ ನಡೆಸುವಾಗ ಮೈಯಿಲ್ಲದ ದನಿ ಕೇಳಿಸಿಕೊಂಡ ಮೊದಲ ಡ್ರೈವರ ಅವನೇ ಇರಬೇಕು. ಅವನ ಗತಿ ಏನಾಯಿತೆಂಬುದೂ ಗೊತ್ತಲ್ಲ. ಈಗ ಅಶರೀರವಾಣಿ ಬಾಡಿಗೆಗೆ ಸಿಗುತ್ತದೆ, ಬೇಕಾದ ಭಾಷೆಯಲ್ಲಿ, ಹೆಣ್ಣು ಗಂಡು ಎರಡೂ ದನಿಯಲ್ಲಿ. ಇಡೀ ಜಗತ್ತು ಅದು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ತಿರುಗುತ್ತಿದೆ. ಯಾರ ದನಿ, ಯಾರಿಗೆ ಗೊತ್ತು? ಒಂದು ಕಾಲಕ್ಕೆ ಯಾವಳೋ ಒಬ್ಬ ನಿಜವಾದ ಹೆಂಗಸು ಮೈಕಿನ ಮುಂದೆ ಕೂತು 'ಎಲ್ಲಿಗೆ' ಅಂದಿರಬೇಕು. ಅವಳು ಮನೆಗೆ ಹೋದಳು. ದನಿ ಮಾತ್ರ ಇನ್ನೂ ಕೇಳುತ್ತಲೇ ಇದೆ.

ಕೊನೆಗೆ ನಾನು ಅದರ ಸಪ್ಪಳವನ್ನೆಲ್ಲ ತಿರುವಿ ಬಂದ್ ಮಾಡಿದೆ. ಚಾಚಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಪರದೆಯ ಮೇಲೆ ಅಕ್ಷರಗಳು ಇನ್ನೂ ಮಿಣುಗುತ್ತಿದ್ದವು, ಆ ಅಕ್ಷರಗಳೂ ಅದನ್ನೇ ಕೇಳುತ್ತಿರಬೇಕೆಂಬ ಗುಮಾನಿ. ಚೀಲದಿಂದ ಟಾವೆಲ್ಲು ತೆಗೆದು ಪರದೆಗೆ ಹೊದಿಸಿ ಅಂಚುಗಳನ್ನು ಸಂದಿಯಲ್ಲಿ ತುರುಕಿದಳು. "ಈಗ ಹೋಗೂಣು," ಎಂದಳು.

ದೊಡ್ಡ ರಸ್ತೆಯಲ್ಲಿ ತೊಂದರೆಯಾಗಲಿಲ್ಲ. ಬೋರ್ಡುಗಳು ಇದ್ದವು. ರಸ್ತೆಯ ಬಲಗಡೆ ಓಡಿಸುವುದಕ್ಕೆ ಕೈ ಹೊಂದುವವರೆಗೆ ನಾನು ಎರಡು ಸಲ ಗೇರ್ ಹಾಕಲು ಹೋಗಿ ಬಾಗಿಲಿಗೆ ಗುದ್ದಿದೆ. ನವೆಂಬರ್ ತಿಂಗಳು. ಗದ್ದೆಗಳಲ್ಲಿ ಏನೂ ಇರಲಿಲ್ಲ, ಆಕಾಶದಲ್ಲಿಯೂ ಏನೂ ಇರಲಿಲ್ಲ. ನಾಲ್ಕು ಗಂಟೆಗೇ ಹೊತ್ತು ಮುಳುಗಿತು. ಪ್ರಾಗ್ ಹತ್ತಿರವಾದಂತೆ ನದಿಯ ಕಡೆಯಿಂದ ಮಂಜು ಎದ್ದು ಬಂತು. ಮಂಜೆಂದರೆ ನಮ್ಮ ಕಡೆ ಧನುರ್ಮಾಸದಲ್ಲಿ ಜೋಳದ ಹೊಲದ ಮೇಲೆ ಕೂಡುವ ತೆಳ್ಳನೆಯದಲ್ಲ. ಇದು ಅರಳೆ ಹಿಂಜಿ ತುರುಕಿದ ಹಾಗೆ. ಅದರೊಳಗಿಂದ ಮೊದಲು ಗೋಪುರಗಳ ತುದಿ ಕಂಡಿತು, ಕೆಳಗಿನ ಗುಡಿ ಇರಲಿಲ್ಲ. ಸೇತುವೆಯ ಮೇಲಿನ ಕಲ್ಲಿನ ಮೂರ್ತಿಗಳು ಕಂಡವು, ಸೇತುವೆ ಇರಲಿಲ್ಲ. ಗಾಳಿಯಲ್ಲಿ ನಿಂತ ಕಪ್ಪು ಮನುಷ್ಯರು ಕೈ ಎತ್ತಿ ಯಾರನ್ನೋ ಕರೆಯುತ್ತಿದ್ದರು.

"ನೋಡಬ್ಯಾಡ," ಎಂದಳು ಚಾಚಿ.

"ನೋಡದs ಹೆಂಗ ಹೊಡೀಲಿ ಬೇ?"

"ದಾರಿ ನೋಡು. ಅವರನ್ನ ನೋಡಬ್ಯಾಡ."

ದಾರಿ ಇದ್ದರೆ ತಾನೆ ನೋಡುವುದು. ಒಂದು ಕಡೆ ಮಾತ್ರ ಹೋಗಬೇಕಾದ ಓಣಿಗಳು, ಅವು ಇನ್ನೊಂದು ಅಂಥದೇ ಓಣಿಗೆ ತಂದು ಬಿಡುತ್ತಿದ್ದವು. ಕಲ್ಲು ಹಾಸಿದ ನೆಲದ ಮೇಲೆ ಗಾಲಿಗಳು ಗುಡುಗುಡು ಸಪ್ಪಳ ಮಾಡುತ್ತಿದ್ದವು. ಒಂದು ತಿರುವಿನಲ್ಲಿ ಕಾರಿನ ದೀಪ ಗೊಂಬೆಯಂಗಡಿಯ ಗಾಜಿನ ಮೇಲೆ ಬಿತ್ತು. ದಾರದಿಂದ ತೂಗುಬಿಟ್ಟ ಮರದ ಗೊಂಬೆಗಳು: ಅರಸ, ಮುದುಕಿ, ಸೈತಾನ. ಎಲ್ಲರ ದವಡೆ ಅರ್ಧ ತೆರೆದಿತ್ತು. ಬಾಯಿ ಇದೆ, ದನಿ ಇಲ್ಲ. ಯಾರಾದರೂ ಬಂದು ಮಾತಾಡಿಸಲಿ ಎಂದು ಕಾಯುತ್ತಿದ್ದವು. ನನ್ನ ಕಸುಬಿನ ಬಂಧುಗಳು. ಅವರಿಗೆ ನನ್ನ ಪರಿಚಯ ಹೇಳಿಕೊಳ್ಳುವ ಧೈರ್ಯವಾಗಲಿಲ್ಲ.

ಒಬ್ಬ ಮನುಷ್ಯ ಮಂಜಿನಿಂದ ಹೊರಬಂದ. ಕಿಟಕಿ ಇಳಿಸಿ, ಇಂಗ್ಲಿಷಿನಲ್ಲಿ ದಾರಿ ತಪ್ಪಿದೆ ಎಂದೆ. ಅವನು ಬಗ್ಗಿ ಮುಂದಿನ ಸೀಟಿನ ಬಿಳಿ ದಿಂಡಿಗೆ ಒಂದು ಗೌರವದ ನೋಟ ಕೊಟ್ಟು, ಬಹಳ ಸಭ್ಯವಾಗಿ, ನಿಜವಾಗಿಯೂ ಸಹಾಯ ಮಾಡುವ ಮನಸ್ಸಿನಿಂದ, ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಅಷ್ಟು ಹೊತ್ತಿಗೆ ಚಾಚಿ ಆ ಎರಡು ಇಂಗ್ಲಿಷ್ ಶಬ್ದ ಕಲಿತಿದ್ದಳು. "ಕಿಡಕಿ ಏರಸ!" ಎಂದಳು. ಏರಿಸಿದೆ. ಆ ಪಾಪದ ಮನುಷ್ಯ ಗಾಜಿನ ಹೊರಗೆ ಬಾಯಿ ಆಡಿಸುತ್ತ ಹಿಂದೆ ಉಳಿದ.

"ಚಾಚಿ, ಟಾವೆಲ್ಲಾ ತಗೀತೀನಿ. ಇಲ್ಲಂದ್ರ ಬೆಳತನಕಾ ಇಲ್ಲೇ ಸುತ್ತತೀವಿ."

"ತಗೀಬ್ಯಾಡ. ನನ್ನ ಆಣಿ ಐತಿ." ಮುಂದೆ ಬಾಗಿ ನನ್ನ ಭುಜ ಹಿಡಿದಳು. "ಒಮ್ಮೆ ಕೇಳಿ ನೋಡೇನಿ, ಏನಾತು ಅಂತ ನಿನಗs ಗೊತ್ತೈತಿ. ಈಗ ಗಾಡ್ಯಾಗ ನೀ ಇದ್ದೀ. ನಿಮ್ಮವ್ವಗ ಏನ್ ಹೇಳ್ಲಿ?"

ಆಗ ನನಗೆ ತಿಳಿಯಿತು. ಇಷ್ಟು ಹೊತ್ತು ನಾನು ಇದನ್ನು ಊರಿಗೆ ಹೋಗಿ ಸ್ಟೇಜಿನ ಮೇಲೆ ಮಾಡಲಿಕ್ಕೆ ಒಳ್ಳೆಯ ಐಟೆಮ್ಮು ಎಂದುಕೊಂಡು ಮನಸ್ಸಿನಲ್ಲಿ ಕೂಡಿಡುತ್ತಿದ್ದೆ. ಅವಳು ನನ್ನ ಜೀವ ಕಾಯುತ್ತಿದ್ದಳು.

ಮುಂದಿನ ಓಣಿ ಗೋಡೆಗೆ ಹೋಗಿ ಮುಗಿಯಿತು. ಹಿಂದಕ್ಕೇ ಬರಬೇಕು. ಹಿಂದಿನ ಗಾಜಿನ ತುಂಬ ದಿಂಡು ಮತ್ತು ನೂಲಿನ ಗಂಟು, ಅವುಗಳ ಆಚೆ ಮಂಜು. ಹಿಂದಿನದನ್ನು ತೋರಿಸುವ ಕ್ಯಾಮೆರಾ ಟಾವೆಲ್ಲಿನ ಕೆಳಗೆ. ಗೋಡೆ ಹತ್ತಿರ ಬಂದರೆ ಕೂಗುವ ಪೀಪಿಯ ಬಾಯಿ ನಾನೇ ಬಂದ್ ಮಾಡಿದ್ದೆ. ನಮ್ಮ ಬಸ್ಸುಗಳಲ್ಲಾದರೆ ಕಂಡಕ್ಟರ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಾನೆ, ಸಾಕಾದಾಗ "ಹೋಲ್ಡಾನ್" ಎಂದು ಕೂಗುತ್ತಾನೆ. ಇಲ್ಲಿ ಯಾರಿದ್ದಾರೆ? ಚಾಚಿ ಹಿಂದೆ ಸದ್ದಿಲ್ಲದೆ ನಡುಗುತ್ತಿದ್ದಳು. ಅವಳ ಮೊಣಕಾಲು ನನ್ನ ಸೀಟಿಗೆ ತಾಗಿ ತಾಗಿ ಅದು ನನ್ನ ಬೆನ್ನಿಗೇ ತಿಳಿಯುತ್ತಿತ್ತು.

ಅವಳಿಗೆ ಧೈರ್ಯ ಕೊಡಲು ನನ್ನ ಹತ್ತಿರ ಒಂದೇ ಒಂದು ವಸ್ತು ಇತ್ತು. ಅದನ್ನು ನಾನು ವರ್ಷದಿಂದ ಬೀಗ ಹಾಕಿ ಇಟ್ಟಿದ್ದೆ.

ರಿವರ್ಸ್ ಗೇರ್ ಹಾಕಿದೆ. ಗಂಟಲಲ್ಲಿ ಎರಡು ಸಲ ಗರಗರ ಮಾಡಿ, ಚಾಚಾ ಅವಳನ್ನು ಕರೆಯುತ್ತಿದ್ದ ಹಾಗೆಯೇ ಕರೆದೆ: "ಏ ಚಾಂದ್."

ಬೆನ್ನಿನ ಹಿಂದೆ ಆ ನಡುಕ ಥಟ್ಟನೆ ನಿಂತಿತು. ಉತ್ತರವಿಲ್ಲ.

ಕಾರು ಸ್ವಲ್ಪ ಹಿಂದೆ ಹೋಯಿತು. "ಏ ಚಾಂದ್," ಎಂದೆ ಮತ್ತೆ. ಉತ್ತರವಿಲ್ಲ. ಉಸಿರು ಸಹ ಕೇಳಿಸಲಿಲ್ಲ. ತಪ್ಪು ಮಾಡಿದೆನೇನೋ ಎಂದು ಬಾಯಿ ಮುಚ್ಚಿಕೊಂಡೆ. ನಿಜವಾಗಿಯೂ ಮುಚ್ಚಿಕೊಂಡೆ, ಕೆಳದುಟಿ ಹಲ್ಲಿನಲ್ಲಿ ಹಿಡಿದಿದ್ದೆ. ಕಾರು ಹಿಂದೆ ಹಿಂದೆ ಹೋಗುತ್ತಿತ್ತು.

"ಏ ಚಾಂದ್! ಹೋಲ್ಡಾನ್!"

"ಹಾಂ ರೀ!" ಎಂದಳು ಚಾಚಿ.

ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಕುಲುಕಿ ನಿಂತಿತು. ದಿಂಡಿನ ತಲೆ ಸೀಟಿನ ಮೇಲೆ ಒಮ್ಮೆ ಹೊರಳಿ ಸುಮ್ಮನಾಯಿತು.

ಇಳಿದು ಹೋಗಿ ನೋಡಿದೆ. ಹಿಂದಿನ ಗಾಲಿಗಳ ಹತ್ತಿರವೇ ನೆಲ ಮುಗಿದಿತ್ತು. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ಇಳಿದು ಹೋಗಿ ನೀರಿನಲ್ಲಿ ಮುಳುಗಿದ್ದವು. ಕಟಾಂಜನ ಇರಲಿಲ್ಲ. ನದಿ ಕಾಣುತ್ತಿರಲಿಲ್ಲ, ಕೊನೆಯ ಮೆಟ್ಟಿಲನ್ನು ನೆಕ್ಕುವ ಸಪ್ಪಳ ಮಾತ್ರ ಬರುತ್ತಿತ್ತು. ಹಿಂದಕ್ಕೆ ಬರುವಾಗ ಬಲಕ್ಕೆ ತಿರುಗಬೇಕಾದಲ್ಲಿ ನಾನು ನೆಟ್ಟಗೆ ಬಂದಿದ್ದೆ.

ನಾನು ಲೆಕ್ಕದಲ್ಲಿ ದಡ್ಡ, ಆದರೆ ಈ ಲೆಕ್ಕವನ್ನು ಆಗಿನಿಂದ ಎಷ್ಟೋ ಸಲ ಮಾಡಿದ್ದೇನೆ. ಎರಡು ಸಲ ಕರೆದವನು ನಾನು. ಮೂರನೆಯದು ನನ್ನ ಬಾಯಿಂದಲೇ ಬಂದಿರಬಹುದು, ಕಸುಬುದಾರನ ಬಾಯನ್ನು ನಂಬಲಾಗದು. ಬಂದಿರದಿದ್ದರೆ, ದೆವ್ವದ ನಿಯಮವೂ ಮುರಿಯಲಿಲ್ಲ: ಅದು ಕರೆದದ್ದು ಒಂದೇ ಸಲ. ನನ್ನ ಎರಡು, ಅವರದೊಂದು, ಕೂಡಿ ಮೂರು. ಓಗೊಡಲು ಚಾಚಿಗೆ ಅಡ್ಡಿಯಿರಲಿಲ್ಲ.

ಮರಳಿ ಬಂದು ಕೂತು, ಇಂಜಿನ್ ಬಂದ್ ಮಾಡಿದೆ. ಚಾಚಿ ಹಿಂದಿನಿಂದ, ನನ್ನ ಜೊತೆ ಮಾತಾಡುವ ದನಿಯಲ್ಲಲ್ಲ, ಗೋಣಿನ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ ಕೇಳಿದಳು:

"ಎಲ್ಲಿಗೆ ಹೋಗಿದ್ರಿ?"

ಎಲ್ಲಿಗೆ ಹೊಂಟ್ರಿ ಅಲ್ಲ. ಎಲ್ಲಿಗೆ ಹೋಗಿದ್ರಿ. ಕೇಳಬಾರದ್ದು ಹೊರಟವರನ್ನು, ಬಂದವರನ್ನು ಕೇಳಬಹುದು. ಕಾದೆ. ಬೇರೆ ಯಾರಾದರೂ ಉತ್ತರ ಕೊಡುತ್ತಾರೇನೋ ಎಂದು ನಿಜವಾಗಿಯೂ ಕಾದೆ. ಮಂಜು ಗಾಜಿಗೆ ಮುಖ ಒತ್ತಿ ನಿಂತಿತ್ತು. ಯಾರೂ ಕೊಡಲಿಲ್ಲ. ಹಿಂತಿರುಗಿ ನೋಡಲಿಲ್ಲ, ನೋಡಿದ್ದರೆ ಅವಳಿಗೆ ನನ್ನ ಮುಖ ಕಾಣುತ್ತಿತ್ತು. ಗೋಣನ್ನು ಅಲುಗಿಸದೆ, ಎರಡು ಸಲ ಗರಗರ ಮಾಡಿದೆ.

"ಇಲ್ಲೇ ಬಾಜೂಕ."

ಇದು ಮಾತ್ರ ನಾನೇ. ಪ್ರಮಾಣ ಮಾಡಿ ಹೇಳುತ್ತೇನೆ.

ಚಾಚಿ ಉದ್ದನೆಯ ಉಸಿರು ಬಿಟ್ಟಳು. ವರ್ಷದಿಂದ ಹಿಡಿದಿಟ್ಟ ಉಸಿರು ಅದು, ಕಾರಿನ ಗಾಜುಗಳೆಲ್ಲ ಒಳಗಿನಿಂದ ಮಸುಕಾದವು. "ಹೇಳಿ ಹೋಗಬೇಕಿಲ್ಲೇನ್ರಿ?" ಎಂದಳು. ಈ ಒಂದು ಪ್ರಶ್ನೆಗೆ ಗಂಡಸರು ಎಲ್ಲಿದ್ದರೂ ಸುಮ್ಮನಾಗುತ್ತಾರೆ.

ಆಮೇಲೆ ಅವಳೇ ಬಗ್ಗಿ ಕೈ ಚಾಚಿ ಟಾವೆಲ್ಲು ಎಳೆದುಕೊಂಡಳು. ಅದರಿಂದಲೇ ಕಣ್ಣು ಒರೆಸಿಕೊಂಡಳು. ಟಾವೆಲ್ಲು ತನ್ನ ಸ್ವಭಾವ ಬಿಡದೆ ಅವಳ ಗಲ್ಲಕ್ಕೆ ಕೆಂಪು ಹಚ್ಚಿತು.

"ಚಾಲೂ ಮಾಡ್ಲೇ ಮಂಗ್ಯಾ. ಕೇಳವಲ್ತ್ಯಾಕ. ಕೇಳಿದ್ರ ಏನಾಗ್ತೈತಿ?"

ಸಪ್ಪಳ ಏರಿಸಿ ಬೀಗದ ಕೈ ತಿರುವಿದೆ. ಬೆಣ್ಣೆಯ ದನಿ ಎಲ್ಲಿಗೆ ಎಂದು ಕೇಳಿತು. ಹೇಳಿದೆವು.

ಪ್ರದರ್ಶನ ಚೆನ್ನಾಗಿ ಆಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನವಿಲಿನ ಕುತ್ತಿಗೆ ಈ ಸಲ ಸರಾಗವಾಗಿ ತಿರುಗಿತು. ಸಂಗ್ರಹಾಲಯದವರು ಮಗ್ಗವನ್ನು ಅಲ್ಲಿಯೇ ಇಟ್ಟುಕೊಳ್ಳಬಹುದೇ ಎಂದು ಕೇಳಿದಾಗ ಚಾಚಿ ದಿಂಡನ್ನು ಒಮ್ಮೆ ಸವರಿ ಹೂಂ ಅಂದಳು. ಒಂದು ಮಧ್ಯಾಹ್ನ ಹಳೆಯ ಚೌಕದ ಗಡಿಯಾರ ನೋಡಲು ಹೋದೆವು. ತಾಸು ಮುಗಿದಾಗಲೆಲ್ಲ ಅದರಲ್ಲಿರುವ ಅಸ್ಥಿಪಂಜರ ಗಂಟೆಯ ಹಗ್ಗ ಜಗ್ಗುತ್ತದೆ, ಸುತ್ತಲಿನ ಗೊಂಬೆಗಳು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸುತ್ತವೆ. ಜನ ಮೊಬೈಲು ಎತ್ತಿ ನಗುತ್ತಿದ್ದರು. ಚಾಚಿ ನಗಲಿಲ್ಲ. "ಶಾಣ್ಯಾ ಮಂದಿ," ಎಂದಳು. "ಮೊದಲನೇ ಕರೀಗೆ ಓ ಅನ್ನಬಾರದಂತ ಈ ಊರಾಗೂ ಗೊತ್ತೈತಿ."

ನಾನು ಹಗಲಿನಲ್ಲಿ ಒಬ್ಬನೇ ಆ ಓಣಿ ಹುಡುಕಿಕೊಂಡು ಹೋದೆ. ಮೆಟ್ಟಿಲು ಇದ್ದವು, ನದಿ ಇತ್ತು, ಎರಡು ಹಂಸಗಳು ನನ್ನನ್ನು ಪರೀಕ್ಷೆ ಮೇಲ್ವಿಚಾರಕರಂತೆ ನೋಡಿದವು. ಗೋಡೆಯ ಪ್ರತಿಧ್ವನಿ ಇದ್ದೀತು, ನನ್ನದೇ ಕೂಗು ತಡವಾಗಿ ಮರಳಿದ್ದೀತು ಎಂದು ಅಲ್ಲಿ ನಿಂತು ಚಾಚಾನ ದನಿಯಲ್ಲಿ "ಹೋಲ್ಡಾನ್" ಎಂದು ಕೂಗಿದೆ. ಗೋಡೆ ಉತ್ತರ ಕೊಟ್ಟಿತು. ಚಾಚಾನ ದನಿಯಲ್ಲಲ್ಲ, ಯಾವುದೋ ಒಬ್ಬ ಹುಡುಗನ ತೆಳ್ಳನೆಯ, ಸ್ವಲ್ಪ ಹೆದರಿದ ದನಿಯಲ್ಲಿ. ಅದು ನನ್ನದೇ ಎಂದು ಗುರುತು ಹಿಡಿಯಲು ನನಗೆ ತುಸು ಹೊತ್ತು ಬೇಕಾಯಿತು.

ವಿಯೆನ್ನಾಕ್ಕೆ ಮರಳುವಾಗ ಕಾರು ಖಾಲಿ. ಮುಂದೆ ಬಂದು ಕೂಡು ಎಂದರೆ ಚಾಚಿ ಒಲ್ಲೆ ಎಂದು ತನ್ನ ಹಳೆಯ ಜಾಗದಲ್ಲಿಯೇ ಕೂತಳು. ಊರು ದಾಟುತ್ತಿದ್ದಂತೆ ಕಾರು ಪೀಪಿ ಊದತೊಡಗಿತು. ಪರದೆಯ ಮೇಲೆ ಕೆಂಪು ದೀಪ: ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಕೊಂಡಿಲ್ಲ. ಸೀಟಿನ ಮೇಲೆ ಏನೂ ಇರಲಿಲ್ಲ, ಒಂದು ನೂಲಿನ ಎಳೆ ಸಹ. ಕೈಯಿಂದ ಸವರಿ ನೋಡಿದೆ, ಗುದ್ದಿ ನೋಡಿದೆ. ಪೀಪಿ ನಿಲ್ಲಲಿಲ್ಲ.

"ಬೆಲ್ಟ್ ಹಾಕು ಅವರಿಗೆ," ಎಂದಳು ಚಾಚಿ, ಕಿಟಕಿಯ ಹೊರಗೆ ನೋಡುತ್ತ. "ಜಲ್ಮದಾಗ ಹಾಕ್ಕೊಂಡವರಲ್ಲ."

ರಸ್ತೆಯ ಬದಿಗೆ ನಿಲ್ಲಿಸಿ ಖಾಲಿ ಸೀಟಿಗೆ ಬೆಲ್ಟ್ ಬಿಗಿದೆ. ಪೀಪಿ ನಿಂತಿತು. ಮುಂದೆ ದಾರಿಯುದ್ದಕ್ಕೂ ನಾನು ಆ ಕಡೆಯ ಕನ್ನಡಿಯನ್ನು ಅವಶ್ಯವಿದ್ದಷ್ಟೇ ನೋಡಿದೆ.

ಕಾರು ಮರಳಿಸುವ ಜಾಗದಲ್ಲಿ ಅದೇ ಹುಡುಗ. ಒಳಗೆ ಬಗ್ಗಿ, ಓಡಿದ ಕಿಲೋಮೀಟರು ಬರೆದುಕೊಂಡ. ಖಾಲಿ ಸೀಟಿಗೆ ಬಿಗಿದ ಬೆಲ್ಟ್ ನೋಡಿ ಒಂದು ಗಳಿಗೆ ತಡೆದ. ಸೆನ್ಸರು ಕೆಟ್ಟಿರಬೇಕು ಎಂದೆ. ತಲೆಯಾಡಿಸಿದ, ಆದರೆ ಆ ಬೆಲ್ಟನ್ನು ಬಿಚ್ಚಲು ಅವನೂ ಕೈ ಹಾಕಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಬಹಳ ದೂರ ಹೋಗಿಬಂದಿರಿ ಎಂದ.

"ಏನಂತಾನ?" ಎಂದಳು ಚಾಚಿ.

"ಭಾಳ ದೂರ ಹೋಗಿ ಬಂದೀರಿ ಅಂತಾನ, ಚಾಚಿ."

ಅವಳು ಕಾರಿನ ಮುಂದಿನ ಕಿಟಕಿಯನ್ನು ಒಮ್ಮೆ ನೋಡಿದಳು. ದಾರಿಯಲ್ಲಿ ಮತ್ತೆ ಕಣ್ಣೊರೆಸಿಕೊಂಡಿರಬೇಕು, ಗಲ್ಲದ ಮೇಲೆ ಟಾವೆಲ್ಲಿನ ಕೆಂಪು ಹೊಸದಾಗಿ ಹತ್ತಿತ್ತು.

"ದೂರ ಎಲ್ಲಿ ಬಂತು?" ಎಂದಳು. "ಇಲ್ಲೇ ಬಾಜೂಕ ಹೋಗಿದ್ವಿ ಅಂತ ಹೇಳು."